ಕಿಟಕಿಗಳನ್ನು ತೆರೆದಿಡಿ

"ಎಲ್ಲಾ ಸರಿ. ಆದರೆ ಈ ಹೆಸರು ಯಾಕೆ?" ಎಂದು ಬಾಯ್ಜಾನೋವ್ ಕೇಳಿದ.

ರಂಗದ ಮೇಲೆ ಇನ್ನೂ ಯಾರೂ ಬಣ್ಣ ಒರೆಸಿಕೊಂಡಿರಲಿಲ್ಲ. ಪೂರ್ತಿ ತಾಲೀಮು ಮುಗಿದ ಕೂಡಲೇ, ಇದ್ದಲ್ಲೇ ಇರಿ ಎಂದು ಕೆಳಗಿನಿಂದ ಸೂಚನೆ ಬಂದಿತ್ತು. ಹಾಗಾಗಿ ದಾಮೆತ್ಕೆನ್ ಮುದುಕಿಯ ಬಿಳಿ ತಲೆವಸ್ತ್ರದಲ್ಲೇ ಮೂರನೆಯ ಅಂಕದ ಮರದ ಪೆಟ್ಟಿಗೆಯ ಮೇಲೆ ಕೂತಿದ್ದಳು. ಅವಳ ಬೆನ್ನ ಹಿಂದೆ ನಾಟಕದ ಮನೆಯ ಮೂರು ಕಿಟಕಿಗಳು ಅರೆತೆರೆದು ನಿಂತಿದ್ದವು. ಏಪ್ರಿಲ್ ಬಂತೆಂದು ಕಟ್ಟಡ ಬೆಚ್ಚಗಿಡುವ ಕೊಳವೆಗಳ ಬಿಸಿನೀರು ನಿಲ್ಲಿಸಿದ್ದರಿಂದ ಸಭಾಂಗಣ ನೆಲಮಾಳಿಗೆಯ ಹಾಗೆ ತಣ್ಣಗಿತ್ತು. ಮೂರನೆಯ ಸಾಲಿನಲ್ಲಿ ಕೋಟು ಹೊದ್ದು ಕೂತಿದ್ದ ಪರಿಶೀಲನಾ ಮಂಡಳಿಯವರ ಬಾಯಿಂದ ಸಣ್ಣಗೆ ಹಬೆ ಏಳುತ್ತಿತ್ತು.

ಬಾಯ್ಜಾನೋವ್ ರಾಜಧಾನಿ ಅಲ್ಮಾ-ಅತಾದಿಂದ ಬಂದಿದ್ದವನು. ಸಚಿವಾಲಯದಲ್ಲಿ ನಾಟಕಗಳನ್ನು ಓದಿ ಒಪ್ಪಿಗೆ ಕೊಡುವುದು ಅವನ ಕೆಲಸ. ನಲವತ್ತರ ಆಸುಪಾಸು, ನಯವಾದ ಮಾತು, ಉಗುರು ಒಪ್ಪವಾಗಿ ಕತ್ತರಿಸಿದ ಬೆರಳುಗಳು. ಅವನ ಪಕ್ಕದಲ್ಲಿ ಪ್ರಾಂತ್ಯದ ಸಂಸ್ಕೃತಿ ಇಲಾಖೆಯ ಮುಖ್ಯಸ್ಥ ಸಾಪಾರ್, ಯಾವಾಗಿನಂತೆ ತಲೆಯನ್ನು ಎಡಕ್ಕೆ ತಿರುಗಿಸಿಕೊಂಡು ಕೂತಿದ್ದ. ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಈ ಇಬ್ಬರು ತಲೆಯಾಡಿಸಿದರೆ ಶನಿವಾರ ನಾಟಕದ ಮೊದಲ ಆಟ. ಇಲ್ಲದಿದ್ದರೆ ಹೋದ ವರ್ಷದ ನಾಟಕದ ಹಾಗೆ ಇದೂ ಮೂಲೆಗೆ. ಒಂದೇ ರಂಗಮಂದಿರದಲ್ಲಿ ಎರಡು ವರ್ಷ ಎರಡು ನಾಟಕ ನಿಂತರೆ ಅದರ ಬಾಗಿಲೇ ಮುಚ್ಚುತ್ತದೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಹೇಳಿ ಯೆರ್ದೆನ್," ಎಂದ ಸಾಪಾರ್. "ಬರೆದವರು ನೀವೇ ಅಲ್ವೇ."

ಯೆರ್ದೆನ್ ಮೊದಲ ಸಾಲಿನ ತುದಿಯಲ್ಲಿ ಎದ್ದು ನಿಂತ. ಮೂವತ್ತು ದಾಟಿದ, ತೆಳ್ಳನೆಯ, ಯಾವಾಗಲೂ ಜ್ವರ ಬಂದವನ ಹಾಗೆ ಕಣ್ಣು ಹೊಳೆಯುವ ಹುಡುಗ. "ವಸಂತ," ಎಂದ. "ಹೊಸ ಗಾಳಿ. ಹಳೇ ಮನೆ, ಹಳೇ ಕಟ್ಟಳೆ. ಮಗಳು ಹೊಸ ಬದುಕಿಗೆ ಹೋಗ್ತಿದ್ದಾಳೆ. ಅದಕ್ಕೆ ಕಿಟಕಿ ತೆರೆಯೋದು. ಸಂಕೇತ ಅಷ್ಟೇ."

"ಸಂಕೇತ," ಎಂದು ಬಾಯ್ಜಾನೋವ್ ಆ ಪದವನ್ನು ಬಾಯಲ್ಲಿಟ್ಟು ರುಚಿ ನೋಡಿದ. "ಆದರೆ ನಿಮ್ಮ ನಾಟಕದಲ್ಲಿ ಜನವರಿ ತಿಂಗಳು. ಹೊರಗೆ ಹಿಮ ಬೀಳ್ತಿದೆ. ವಸಂತವನ್ನ ಕರೆಯೋಕೆ ಜನವರೀಲಿ ಯಾರಪ್ಪ ಕಿಟಕಿ ತೆರೀತಾರೆ?"

ಯಾರೋ ಮೆಲ್ಲಗೆ ನಕ್ಕರು. ಯೆರ್ದೆನ್ ನಗಲಿಲ್ಲ.

ನಾಟಕದಲ್ಲಿ ಇದ್ದದ್ದು ಇಷ್ಟು: ಒಂದು ಹುಲ್ಲುಗಾವಲಿನ ಹಳ್ಳಿ, ಒಬ್ಬ ವಿಧವೆ, ಅವಳ ಒಬ್ಬಳೇ ಮಗಳ ಮದುವೆ. ಬೀಗರು ಬರುತ್ತಾರೆ. ಹಿರಿಯ ಅತಿಥಿಗೆ ಸಲ್ಲಬೇಕಾದ ಬೇಯಿಸಿದ ಕುರಿಯ ತಲೆಯನ್ನು ಯಾರ ಮುಂದೆ ಇಡಬೇಕೆಂದು ಜಗಳವಾಗುತ್ತದೆ. ಹಳೆಯ ಸಿಟ್ಟುಗಳು ಏಳುತ್ತವೆ, ತಣಿಯುತ್ತವೆ. ಕೊನೆಗೆ ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ ತಾಯಿ "ಕಿಟಕಿ ತೆರೆದಿಡು ಮಗಳೇ" ಎನ್ನುತ್ತಾಳೆ. ಮಗಳು ಅರ್ಥವಾಗದೆ ನಿಂತಾಗ ತಾನೇ ಎದ್ದು ಒಂದೊಂದೇ ಕಿಟಕಿ ತೆರೆಯುತ್ತಾಳೆ. ಬೀಗರು ಚಳಿ ಎಂದು ಗೊಣಗುತ್ತಾರೆ. ಅವಳು ಉತ್ತರ ಕೊಡುವುದಿಲ್ಲ. ಪರದೆ ಬೀಳುತ್ತದೆ. ಇದರಲ್ಲಿ ಯಾರಾದರೂ ಬೆರಳಿಟ್ಟು ತೋರಿಸುವಂಥ ಒಂದು ಮಾತೂ ಇರಲಿಲ್ಲ. ಯೆರ್ದೆನ್ ಅದನ್ನು ಅಷ್ಟು ಜಾಗರೂಕತೆಯಿಂದ ಬರೆದಿದ್ದ.

"ನಾನು ವ್ಯಾಕರಣ ಓದಿದೋನು," ಎಂದು ಬಾಯ್ಜಾನೋವ್ ಮುಂದುವರಿಸಿದ. "ಅದಕ್ಕೇ ಒಂದು ಸಂಶಯ. ಅಮ್ಮ ಮಗಳಿಗೆ ಹೇಳೋದು 'ತೆರೆದಿಡು' ಅಂತ. ನಾಟಕದ ಹೆಸರು 'ತೆರೆದಿಡಿ'. ಅಂದರೆ ಹೆಸರಿನ ಮಾತು ಅಮ್ಮಂದಲ್ಲ. ಯಾರೋ ಬಹಳ ಜನಕ್ಕೆ ಹೇಳ್ತಿರೋ ಮಾತು. ಕೇಳೋಕೆ ಅಪ್ಪಣೆ ಕೊಟ್ಟ ಹಾಗಿದೆ. ಯಾರು ಕೊಟ್ಟಿದ್ದು? ಯಾರಿಗೆ ಕೊಟ್ಟಿದ್ದು?"

ಸಭಾಂಗಣದಲ್ಲಿ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು.

ದಾಮೆತ್ಕೆನ್ ಪೆಟ್ಟಿಗೆಯ ಮೇಲೆ ಮುಂದಕ್ಕೆ ಬಾಗಿ ಕೂತಳು. ಆ ಮನುಷ್ಯನಿಗೆ ಗೊತ್ತಿದೆಯೋ, ಇಲ್ಲ ಬರೀ ಬುದ್ಧಿವಂತಿಕೆಗೆ ಕೆದಕುತ್ತಿದ್ದಾನೋ? ಅವನ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಉಳಿದವರಿಗೆಲ್ಲ ಗೊತ್ತಿತ್ತು. ದೀಪದವನಿಗೆ ಗೊತ್ತಿತ್ತು, ಟಿಕೆಟ್ ಹರಿಯುವ ಹೆಂಗಸಿಗೆ ಗೊತ್ತಿತ್ತು, ಮಂಡಳಿಯಲ್ಲಿ ಕೂತು ನೆಲ ನೋಡುತ್ತಿದ್ದ ಊರಿನ ಮೂವರಿಗೂ ಗೊತ್ತಿತ್ತು. ಇರ್ತಿಶ್ ನದಿಯ ಈ ದಂಡೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಆದರೆ ಹೆಸರಿನ ಅರ್ಥ ಇದು ಎಂದು ಬಾಯಿಬಿಟ್ಟವನು, ಹೇಳಬಾರದ್ದನ್ನು ಹೇಳಿದವನಾಗುತ್ತಿದ್ದ. ತಪ್ಪು ಹುಡುಕುವವನು ಕೂಡ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಯೆರ್ದೆನ್ ಧೈರ್ಯ ಮಾಡಿದ್ದು ಅದನ್ನು ನಂಬಿಕೊಂಡೇ.

ಆ ಅರ್ಥವನ್ನು ಅವನಿಗೆ ಕೊಟ್ಟವಳು ದಾಮೆತ್ಕೆನ್. ಎರಡು ಚಳಿಗಾಲದ ಹಿಂದೆ, ತನ್ನ ಅಡುಗೆಮನೆಯಲ್ಲಿ, ಹಿಟ್ಟು ಲಟ್ಟಿಸುತ್ತಾ, ಯಾಕೆ ಹೇಳುತ್ತಿದ್ದೇನೆಂದು ತನಗೇ ತಿಳಿಯದೆ ಹೇಳಿದ್ದಳು. ಅವಳ ಹಳ್ಳಿ ತಾಸ್‌ಬುಲಾಕ್, ಸೈನ್ಯದವರು ಬೇಲಿ ಹಾಕಿದ ಬಯಲಿನ ಅಂಚಿನಲ್ಲಿತ್ತು. ಅವಳಿಗೆ ಹದಿನಾಲ್ಕೋ ಹದಿನೈದೋ ಆಗಿದ್ದಾಗ ಒಂದು ಬೇಸಿಗೆಯ ಬೆಳಿಗ್ಗೆ ಧ್ವನಿವರ್ಧಕ ಕಟ್ಟಿದ ಲಾರಿ ಬಂತು. ಸೈನ್ಯದ ಅಭ್ಯಾಸವಿದೆ, ಒಲೆ ಆರಿಸಿ, ಕಿಟಕಿಗಳನ್ನು ತೆರೆದಿಡಿ, ಮನೆ ಬಿಟ್ಟು ಹೊರಗೆ ಬಂದು ಹಳ್ಳದಲ್ಲಿ ಬೋರಲು ಮಲಗಿ ಎಂದು ಅದು ಕೂಗಿಕೊಂಡು ಹೋಯಿತು. ಅವಳ ಅಮ್ಮನಿಗೆ ಬೇರೆಲ್ಲದಕ್ಕಿಂತ ಗಾಜಿನ ಚಿಂತೆ. ಆ ಗಾಜನ್ನು ಪಟ್ಟಣದಿಂದ ಕಂಬಳಿಯಲ್ಲಿ ಸುತ್ತಿ, ಎತ್ತಿನ ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅಮ್ಮ ಒಂದೊಂದೇ ಕಿಟಕಿ ತೆರೆದು, ಅದರ ಕದ ಬಡಿದುಕೊಳ್ಳದಿರಲೆಂದು ಸಂದಿಗೆ ದಿಂಬು ಸಿಕ್ಕಿಸಿ, ಆಮೇಲೆ ಮಕ್ಕಳನ್ನು ಕರೆದುಕೊಂಡು ಹಳ್ಳಕ್ಕೆ ಬಂದಳು. ಮಲಗಿದ್ದವರ ಮುಚ್ಚಿದ ಕಣ್ಣಿನೊಳಗೂ ಬೆಳಕು ಬಂತು. ಆಮೇಲೆ ಭೂಮಿ ನೀರಿನ ಹಾಗೆ ಎದ್ದು ಇಳಿಯಿತು. ಪಕ್ಕದ ಮನೆಯ ಸಣ್ಣ ಹುಡುಗ ತಡೆಯಲಾರದೆ ತಲೆ ಎತ್ತಿ ನೋಡಿದ. ಅವನ ಎಡಗಿವಿಯಿಂದ ರಕ್ತ ಬಂತು. ಮನೆಗೆ ಬಂದು ನೋಡಿದರೆ ಒಂದು ಗಾಜೂ ಒಡೆದಿರಲಿಲ್ಲ. ಅಮ್ಮ ಅವತ್ತು ಸಂತೋಷದಿಂದ ಹಾಲಿಗೆ ಬೆಣ್ಣೆ ಹಾಕಿ ಎಲ್ಲರಿಗೂ ಕೊಟ್ಟಳು. ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಅಮ್ಮನೂ ಇರಲಿಲ್ಲ, ಕೊನೆಯ ತಮ್ಮನೂ ಇರಲಿಲ್ಲ. ಗಾಜು ಮಾತ್ರ ಇವತ್ತಿಗೂ ಇದೆ.

ಈಗ ಆ ಬಾಂಬುಗಳನ್ನು ನೆಲದೊಳಗೆ ಸಿಡಿಸುತ್ತಿದ್ದರು. ಪಟ್ಟಣದಲ್ಲೂ ಕೆಲವು ಬೆಳಿಗ್ಗೆ ಕಪಾಟಿನ ಬಟ್ಟಲುಗಳು ತಮ್ಮಷ್ಟಕ್ಕೆ ಗಲಗಲ ಅನ್ನುತ್ತಿದ್ದವು, ತೂಗುದೀಪ ಅಲುಗುತ್ತಿತ್ತು. ಜನ ಚಹಾ ಕುಡಿಯುವುದನ್ನು ಒಂದು ಗಳಿಗೆ ನಿಲ್ಲಿಸಿ, ಮತ್ತೆ ಕುಡಿಯುತ್ತಿದ್ದರು.

ಆ ಸಣ್ಣ ಹುಡುಗ ಈಗ ಮೂರನೆಯ ಸಾಲಿನಲ್ಲಿ ಬಾಯ್ಜಾನೋವ್‌ನ ಪಕ್ಕ ತಲೆ ತಿರುಗಿಸಿಕೊಂಡು ಕೂತಿದ್ದ. ಪಟ್ಟಣಕ್ಕೆ ಬಂದು ಇಷ್ಟು ವರ್ಷವಾದರೂ ಸಾಪಾರ್ ಅವಳ ಹತ್ತಿರ ತಾಸ್‌ಬುಲಾಕ್‌ನ ಹೆಸರೆತ್ತಿದವನಲ್ಲ. ಎದುರಿಗೆ ಸಿಕ್ಕರೆ ಕಾಮ್ರೇಡ್ ಎನ್ನುತ್ತಿದ್ದ, ಮುಂದೆ ಹೋಗುತ್ತಿದ್ದ.

"ಅದು... ಅದು ಗೌರವದ ಬಹುವಚನ ಸ್ವಾಮಿ," ಎಂದು ಕಾಬ್ದೇಶ್ ನಡುವೆ ಬಾಯಿ ಹಾಕಿದ. ರಂಗಮಂದಿರದ ನಿರ್ದೇಶಕನೂ ಅವನೇ, ನಾಟಕದ ಬೀಗನೂ ಅವನೇ. ನರಿಯ ತುಪ್ಪಳದ ಟೋಪಿ, ಅಂಟಿಸಿದ ಮೀಸೆ. ಆ ವೇಷದಲ್ಲಿ ಅವನು ಬೇಡಿಕೊಳ್ಳುತ್ತಿದ್ದುದು ನೋಡಲು ಕಷ್ಟವಾಗುತ್ತಿತ್ತು.

"ಗೌರವ ಯಾರಿಗೆ ಕಾಬ್ದೇಶ್ ಅಣ್ಣ? ಕಿಟಕಿಗಾ?" ಬಾಯ್ಜಾನೋವ್ ನಯವಾಗಿಯೇ ಕೇಳಿದ. ಮತ್ತೆ ಯೆರ್ದೆನ್ ಕಡೆ ತಿರುಗಿದ. "ನೋಡಿ, ನಾನು ಜಗಳಕ್ಕೆ ಬಂದಿಲ್ಲ. ಒಂದು ನಾಟಕದ ಹೆಸರು ಅಂದರೆ ಬಾಗಿಲ ಬೀಗದ ಕೈ ಇದ್ದ ಹಾಗೆ. ಈ ಕೈ ಈ ಬಾಗಿಲಿಗೆ ಹೊಂದ್ತಾ ಇಲ್ಲ. ಹಾಗಾದರೆ ಬೇರೆ ಯಾವುದೋ ಬಾಗಿಲಿದೆ. ಅದು ಯಾವುದು ಅಂತ ನನಗೆ ಹೇಳಿ. ಹೇಳೋಕೆ ಆಗದೇ ಇದ್ದರೆ, ಯಾಕೆ ಆಗಲ್ಲ ಅಂತಾದರೂ ಹೇಳಿ."

ಯೆರ್ದೆನ್ ಬಾಯಿ ತೆರೆದ. ಅವನು ಈಗ ಹೇಳಿಬಿಡುತ್ತಾನೆ ಎಂದು ದಾಮೆತ್ಕೆನ್‌ಗೆ ಖಚಿತವಾಯಿತು. ಅವನಿಗೆ ಮನೆಯಲ್ಲಿ ಎಂಟು ತಿಂಗಳ ಬಸುರಿ ಹೆಂಡತಿ. ಈ ಹುಡುಗರಿಗೆ ಅಂಥದ್ದು ಒಂದು ಕ್ಷಣಕ್ಕೆ ಮರೆತುಹೋಗುತ್ತದೆ.

"ಅವರನ್ನ ಯಾಕೆ ಕೇಳೋದು?" ಎಂದ ಸಾಪಾರ್, ಇದ್ದಕ್ಕಿದ್ದಂತೆ, ಸ್ವಲ್ಪ ಜೋರಾಗಿ. "ಬರಹಗಾರರು ಯಾವತ್ತೂ ಸುತ್ತಿ ಬಳಸಿ ಮಾತಾಡೋರೇ. ಕಿಟಕಿ ತೆರೆಯೋಳು ಅಲ್ಲಿ ಕೂತಿದ್ದಾಳಲ್ಲ. ಕಾಮ್ರೇಡ್ ದಾಮೆತ್ಕೆನ್, ನೀವು ಹೇಳಿ. ಕಿಟಕಿ ತೆರೆಯುವಾಗ ನಿಮ್ಮ ಮನಸ್ಸಲ್ಲಿ ಏನಿರುತ್ತೆ? ಸುಮ್ಮನೆ, ಒಬ್ಬ ಹಳ್ಳಿ ಹೆಂಗಸು ಹೇಳೋ ಹಾಗೆ ಹೇಳಿ."

ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಅವಳು ಸಾಪಾರ್‌ನನ್ನೇ ನೋಡಿದಳು. ಅವನು ಅವಳನ್ನು ನೋಡದೆ ತನ್ನ ಮೊಣಕಾಲಿನ ಮೇಲಿದ್ದ ಟೋಪಿಯ ಅಂಚನ್ನು ತಿರುವುತ್ತಿದ್ದ. ಬೇಲಿಯೊಳಗೆ ನೂಕುತ್ತಿದ್ದಾನೋ, ಬೇಲಿಯ ಸಂದಿ ತೋರಿಸುತ್ತಿದ್ದಾನೋ? ಯೋಚಿಸಲು ಹೊತ್ತಿರಲಿಲ್ಲ. ಹಳ್ಳಿ ಹೆಂಗಸು ಹೇಳೋ ಹಾಗೆ. ಆ ಮಾತನ್ನೇ ಹಿಡಿದುಕೊಂಡು ಅವಳು ಎದ್ದಳು.

ಎದ್ದವಳು ಸೊಂಟದ ಮೇಲೆ ಕೈಯಿಟ್ಟಳು. ಮೂಗಿನ ಮುಂದೆ ಇನ್ನೊಂದು ಕೈ ಬೀಸಿಕೊಂಡಳು. ಮುಖ ಸಿಂಡರಿಸಿ, ನರಿಯ ಟೋಪಿಯ ಕಾಬ್ದೇಶ್‌ನ ಕಡೆ ತಿರುಗಿ, ಸಭಾಂಗಣದ ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿದಳು:

"ಅಯ್ಯೋ ಬೀಗ್ರೇ, ನಿಮ್ಮ ಇಡೀ ವಂಶಾನೇ ತಂಬಾಕು ಸೇದ್ಕೊಂಡು ಬಂದು ನನ್ನ ಮನೇಲಿ ಕೂತಿದ್ದೀರಲ್ಲ. ಈ ಹೊಗೇಲಿ ನನ್ನ ಮಗಳು ಯಾರು, ನಿಮ್ಮ ಕುರಿ ಯಾವುದು ಅಂತ ಗೊತ್ತಾಗ್ತಿಲ್ಲ. ತಪ್ಪಿ ಕುರೀನೇ ಸೊಸೆ ಅಂತ ಕರ್ಕೊಂಡು ಹೋದೀರಿ. ಕಿಟಕಿಗಳನ್ನ ತೆರೆದಿಡಿ."

ಮೊದಲು ಕಾಬ್ದೇಶ್ ಗೊಳ್ಳೆಂದು ನಕ್ಕ. ಅವನ ಮೀಸೆಯ ಒಂದು ಪಕ್ಕ ಬಿಟ್ಟುಕೊಂಡು ಜೋತುಬಿತ್ತು. ಅದನ್ನು ಕಂಡು ಮಂಡಳಿಯವರು ನಕ್ಕರು. ನೆಲ ನೋಡುತ್ತಿದ್ದ ಮೂವರು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಕ್ಕರು. ಕೊನೆಗೆ ಬಾಯ್ಜಾನೋವ್ ಕೂಡ ಕರವಸ್ತ್ರದಿಂದ ಕಣ್ಣೊರೆಸಿಕೊಂಡ.

"ಇದು ನಾಟಕದಲ್ಲಿ ಇಲ್ಲವಲ್ಲ," ಎಂದ.

"ತಾಲೀಮಿನಲ್ಲಿ ಹೇಳ್ತಿದ್ವಿ," ಎಂದಳು ದಾಮೆತ್ಕೆನ್. "ಆಮೇಲೆ ಬಿಟ್ವಿ. ಹುಡುಗನಿಗೆ ಇಷ್ಟ ಆಗಲಿಲ್ಲ."

"ಬಿಡಬಾರದಿತ್ತು. ಈಗ ನೋಡಿ, ಕೈ ಬೀಗಕ್ಕೆ ಕೂತ್ಕೊಂಡಿತು." ಅವನು ಯೆರ್ದೆನ್‌ಗೆ ಬೆರಳು ತೋರಿಸಿದ, ಮೇಷ್ಟ್ರು ತುಂಟ ಹುಡುಗನಿಗೆ ತೋರಿಸುವ ಹಾಗೆ. "ಆ ಮಾತು ಅಲ್ಲೇ ಬರಬೇಕು. ಕಿಟಕಿ ತೆರೆಯೋಕೆ ಮುಂಚೆ. ಅದಿದ್ದರೆ ನನ್ನ ಅಡ್ಡಿಯಿಲ್ಲ. ಶನಿವಾರ ನಾನೂ ಇರ್ತೀನಿ. ಜನ ನಗೋದು ನೋಡ್ಬೇಕು."

ಯೆರ್ದೆನ್ ಇನ್ನೂ ನಿಂತೇ ಇದ್ದ. ಅವನು ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ಬರೆದುಕೊಂಡರು.

ಬಣ್ಣದ ಕೋಣೆಯ ಹೊರಗೆ, ಹಳೆಯ ಪರದೆಗಳನ್ನು ಸುತ್ತಿಟ್ಟಿದ್ದ ಓಣಿಯಲ್ಲಿ ಅವನು ಅವಳಿಗಾಗಿ ಕಾದಿದ್ದ.

"ತಂಬಾಕಿನ ಹೊಗೆ," ಎಂದ. "ಎರಡು ವರ್ಷ ಬರೆದೆ ಅಕ್ಕ. ಒಂದೊಂದು ಮಾತು ತೂಕ ಮಾಡಿ ಬರೆದೆ. ನೀವು ಅದನ್ನ ಕುರಿ ಜೋಕು ಮಾಡಿಬಿಟ್ರಿ."

"ನಾಟಕ ಉಳೀತು."

"ಹೆಸರು ಉಳೀತು. ಅರ್ಥ ಹೋಯ್ತು. ಬೇರೆ ಯಾರಾದರೂ ಮಾಡಿದ್ದರೆ ನಾನು ತಲೆ ಕೆಡಿಸಿಕೊಳ್ತಿರಲಿಲ್ಲ. ನೀವು ಮಾಡಿದ್ರಿ. ನಿಮ್ಮಮ್ಮನ ಮೇಲೇ ಜೋಕು ಮಾಡಿದ್ರಿ."

ದಾಮೆತ್ಕೆನ್ ತಲೆವಸ್ತ್ರ ಬಿಚ್ಚುತ್ತಿದ್ದವಳು ನಿಂತಳು. ಅವಳ ದನಿ ಸಣ್ಣದಾಯಿತು. ಅವಳಿಗೆ ಸಿಟ್ಟು ಬಂದಾಗ ದನಿ ಸಣ್ಣದಾಗುವುದು ರಂಗಮಂದಿರದವರಿಗೆಲ್ಲ ಗೊತ್ತಿತ್ತು.

"ನೋಡು ಯೆರ್ದೆನ್. ಆ ಅರ್ಥ ನಿಂದಲ್ಲ, ನಂದು. ನನ್ನ ಅಡುಗೆಮನೇಲಿ ನಾನು ಕೊಟ್ಟಿದ್ದು. ನೀನು ಅದನ್ನ ತಗೊಂಡು ಹೋಗಿ ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಅಂಟಿಸ್ತೀನಿ ಅಂದೆ. ನಾನು ಸರಿ ಅಂದೆ. ಅಂಟಿಸೋ ಮುಂಚೆ ಒಂದು ಮಾತು ಕೇಳಿದ್ಯಾ, ಯಾರಾದರೂ ಇದೇನು ಅಂದರೆ ಏನು ಹೇಳೋಣ ಅಕ್ಕ ಅಂತ? ವಸಂತ ಅಂತೆ. ಜನವರೀಲಿ ವಸಂತ."

"ನಿಜ ಹೇಳ್ತಿದ್ದೆ ನಾನು. ಇನ್ನೊಂದು ಗಳಿಗೆ ಬಿಟ್ಟಿದ್ದರೆ."

"ಗೊತ್ತು. ಅದಕ್ಕೇ ಎದ್ದೆ."

ಅವನು ಪರದೆಯ ಸುರುಳಿಯನ್ನು ಕಾಲಿಂದ ಒದ್ದು ಹೊರಟುಹೋದ. ಅವಳು ಕನ್ನಡಿಯ ಮುಂದೆ ಕೂತು ಬಣ್ಣ ಒರೆಸಿಕೊಂಡಳು. ಅವನು ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಕುರಿ, ಸೊಸೆ, ಹೊಗೆ ಎಲ್ಲವೂ ಎಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು. ಇಷ್ಟು ವರ್ಷ ಒಳಗೆ ಅದುಮಿಟ್ಟುಕೊಂಡಿದ್ದ ಮಾತು ಬಾಯಿಂದ ಹೊರಬಿದ್ದಾಗ ಜನ ನಕ್ಕಿದ್ದರು, ಅವಳಿಗೆ ಆ ನಗು ಹಿತವೂ ಆಗಿತ್ತು. ಅದೇ ಅವಳಿಗೆ ಸಹಿಸಲಾಗಲಿಲ್ಲ.

ಶನಿವಾರದವರೆಗೆ ಯೆರ್ದೆನ್ ಅವಳ ಜೊತೆ ಮಾತಾಡಲಿಲ್ಲ. ತಾಲೀಮಿನಲ್ಲಿ ಆ ಸಾಲು ಬಂದಾಗಲೆಲ್ಲ ಎದ್ದು ಹೊರಗೆ ಹೋಗಿ ಸಿಗರೇಟು ಹಚ್ಚುತ್ತಿದ್ದ. ಕಾಬ್ದೇಶ್ ಮಾತ್ರ ಅವಳ ಹೆಗಲು ತಟ್ಟಿ, "ಇನ್ನೂ ಸ್ವಲ್ಪ ಕೈ ಬೀಸಮ್ಮ, ನಗು ಜೋರಾಗಿ ಬಂದಷ್ಟೂ ನಾವು ಗಟ್ಟಿ," ಎನ್ನುತ್ತಿದ್ದ. ಅವನು ಹೇಳಿದ್ದು ಲೆಕ್ಕಕ್ಕೆ ಸರಿಯಾಗಿತ್ತು. ಬಾಯ್ಜಾನೋವ್‌ನ ಎದುರಿಗೆ ಜನ ನಕ್ಕರೆ ನಾಟಕಕ್ಕೆ ಇನ್ನು ಯಾರ ಭಯವೂ ಇಲ್ಲ.

ಶನಿವಾರ ಸಂಜೆ ಅವಳ ಅಕ್ಕ ಕುಲ್ಪಾಶ್ ತಾಸ್‌ಬುಲಾಕ್‌ನಿಂದ ಬಂದಳು. ಒಬ್ಬಳೇ ಬಂದಿರಲಿಲ್ಲ. ಸಾಮೂಹಿಕ ಜಮೀನಿನ ಬಸ್ಸು ತುಂಬ ಜನ, ಕೆಸರಿನ ಬೂಟುಗಳನ್ನು ರಂಗಮಂದಿರದ ಮೆಟ್ಟಿಲಿಗೆ ಕೆರೆದು ಒಳಗೆ ಬಂದರು. ಗೋಡೆಯ ಮೇಲಿನ ದೊಡ್ಡಕ್ಷರದ ಹೆಸರಿನ ಸುದ್ದಿ ಹಳ್ಳಿಗೆ ಯಾರ ಮೂಲಕ ಹೋಗಿತ್ತೋ ತಿಳಿಯದು.

"ಏನಮ್ಮಿ, ಹಿಂಗೆ ಸೊರಗ್ಬುಟ್ಟಿದ್ದೀಯ," ಎಂದು ಕುಲ್ಪಾಶ್ ಬಣ್ಣದ ಕೋಣೆಗೆ ನುಗ್ಗಿ ಅವಳ ಕೆನ್ನೆ ಹಿಂಡಿದಳು. ಗಂಟಿನಿಂದ ಒಣಗಿಸಿದ ಮೊಸರಿನ ಉಂಡೆ ತೆಗೆದು ಕನ್ನಡಿಯ ಮುಂದೆ ಸುರಿದಳು. "ಗೋಡೆ ಮ್ಯಾಲೆ ಓದ್ದೆ. ಆ ಮುದುಕ ಜುನಿಸ್ ಇದ್ದಾನಲ್ಲ, ಓದಿ ಟೋಪಿ ತೆಗ್ದ. ಇದು ಅದೇನಾ?"

"ಮದುವೆ ನಾಟಕ ಅಕ್ಕ. ನಗೋ ನಾಟಕ. ಚೆನ್ನಾಗಿ ನಗು."

ಕುಲ್ಪಾಶ್ ತಂಗಿಯ ಮುಖವನ್ನು ಕನ್ನಡಿಯಲ್ಲಿ ಸ್ವಲ್ಪ ಹೊತ್ತು ನೋಡಿದಳು. "ಆಯ್ತು ಬುಡು. ನಗ್ತೀನಿ," ಎಂದು ಹೊರಗೆ ಹೋದಳು.

ಮೊದಲ ಎರಡು ಅಂಕಕ್ಕೆ ಜನ ನಕ್ಕರು. ಕುರಿಯ ತಲೆಯ ಜಗಳಕ್ಕೆ ಹಿಂದಿನ ಸಾಲುಗಳು ತೊಡೆ ತಟ್ಟಿಕೊಂಡು ನಕ್ಕವು. ಪರದೆಯ ತೂತಿನಿಂದ ದಾಮೆತ್ಕೆನ್‌ಗೆ ಎಲ್ಲ ಕಾಣುತ್ತಿತ್ತು. ಮುಂದಿನ ಎರಡು ಸಾಲಿನಲ್ಲಿ ಕೋಟು, ಟೈ, ಪದಕಗಳು. ಮಧ್ಯೆ ಬಾಯ್ಜಾನೋವ್, ಅವನ ಬಲಕ್ಕೆ ಸಾಪಾರ್. ಅಲ್ಲಿಂದ ಹಿಂದಕ್ಕೆ ಊರಿನ ಜನ, ಬಸ್ಸಿನ ಜನ. ಯೆರ್ದೆನ್ ಕೂತಿರಲಿಲ್ಲ. ಅವನು ರಂಗದ ಪಕ್ಕದ ಕತ್ತಲಲ್ಲಿ ಗೋಡೆಗೆ ಒರಗಿ ನಿಂತಿದ್ದ. ಅವಳು ಒಳಗೆ ಹೋಗುವಾಗ ದಾರಿ ಬಿಟ್ಟ, ಮುಖ ಕೊಡಲಿಲ್ಲ.

ಮೂರನೆಯ ಅಂಕ ಬಂತು. ಮಗಳ ಪಾತ್ರದ ಹುಡುಗಿ ತಲೆ ಬಾಗಿಸಿ ನಿಂತಳು. ದಾಮೆತ್ಕೆನ್ ಮರದ ಪೆಟ್ಟಿಗೆಯಿಂದ ಎದ್ದಳು. ಈ ಹೊತ್ತಿಗೆ ಅವಳಲ್ಲಿ ಎರಡು ಮನಸ್ಸಿರಲಿಲ್ಲ. ಚೆನ್ನಾಗಿ ಹೇಳಬೇಕು, ಜನರನ್ನು ನಗಿಸಬೇಕು, ಇದನ್ನು ದಾಟಿಸಬೇಕು, ಅಷ್ಟೇ. ಅವಳು ಸೊಂಟದ ಮೇಲೆ ಕೈಯಿಟ್ಟಳು, ಮೂಗಿನ ಮುಂದೆ ಕೈ ಬೀಸಿದಳು. ಬೀಗರ ವಂಶ ಬಂತು, ತಂಬಾಕು ಬಂತು, ಕುರಿ ಬಂತು. ಸಭಾಂಗಣ ಪೂರ್ತಿ ನಗುವಿಗೆ ಸಜ್ಜಾಗಿ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು.

"ಕಿಟಕಿಗಳನ್ನ ತೆರೆದಿಡಿ," ಎಂದಳು.

ಮುಂದಿನ ಎರಡು ಸಾಲು ನಕ್ಕಿತು. ಬಾಯ್ಜಾನೋವ್‌ನ ನಗು ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳಿಸಿತು. ಆ ಎರಡು ಸಾಲಿನ ಹಿಂದೆ ಯಾರೂ ನಗಲಿಲ್ಲ. ಒಂದು ಕೆಮ್ಮಿಲ್ಲ, ಕುರ್ಚಿಯ ಕಿರುಗುಟ್ಟುವಿಕೆ ಇಲ್ಲ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಅದನ್ನು ಗಮನಿಸಿದರು. ನಗು ಅಲ್ಲಲ್ಲೇ ಕಡಿದು ನಿಂತಿತು. ಯಾರೋ ಅರ್ಧಕ್ಕೆ ತಿರುಗಿ ಹಿಂದೆ ನೋಡಿ, ಬೇಗ ಮುಂದಕ್ಕೆ ತಿರುಗಿದರು.

ಕಾಬ್ದೇಶ್ ಮುಂದಿನ ಮಾತು ಹೇಳಬೇಕಿತ್ತು: ಚಳಿ ಕಣಮ್ಮ ಬೀಗಿತಿ. ಅವನ ತುಟಿ ಅಲುಗಿತು. ಮಾತು ಬರಲಿಲ್ಲ. ನಲವತ್ತು ವರ್ಷ ರಂಗದ ಮೇಲೆ ನಿಂತವನು ಆ ಮೌನದ ಎದುರಿಗೆ ಮರದ ಕಂಬದ ಹಾಗೆ ನಿಂತುಬಿಟ್ಟ.

ದಾಮೆತ್ಕೆನ್ ಮೊದಲ ಕಿಟಕಿಯ ಹತ್ತಿರ ಹೋದಳು. ಅಗುಳಿ ಎಳೆದು ತೆರೆದಳು. ಅದು ಹಗುರವಾದ ಹಲಗೆಯ ಕಿಟಕಿ, ಗಾಜಿಲ್ಲದ್ದು. ಸುಮ್ಮನೆ ತಾನಾಗಿ ಮತ್ತೆ ಮುಚ್ಚಿಕೊಳ್ಳಲು ಬಂತು. ತಾಲೀಮಿನಲ್ಲೂ ಹಾಗೇ ಆಗುತ್ತಿತ್ತು, ಅವಳು ಕೈಯಿಂದ ಹಿಡಿದು ನಿಲ್ಲಿಸುತ್ತಿದ್ದಳು. ಈ ಸಲ ಅವಳು ಹಿಂದಿರುಗಿ, ವಧುವಿನ ಹಾಸಿಗೆಗಳ ರಾಶಿಯಿಂದ ಒಂದು ದಿಂಬು ಎತ್ತಿಕೊಂಡು ಬಂದು, ಚೌಕಟ್ಟಿನ ಸಂದಿಗೆ ಸಿಕ್ಕಿಸಿದಳು. ಗಟ್ಟಿಯಾಗಿ ಕೂತಿದೆಯೇ ಎಂದು ಅಂಗೈಯಿಂದ ಒತ್ತಿ ನೋಡಿದಳು. ಹಿಂದಿನ ಸಾಲುಗಳಿಂದ ಒಂದು ಸದ್ದು ಬಂತು. ಅಳುವಲ್ಲ, ಮಾತಲ್ಲ, ಭಾರ ಎತ್ತುವವರ ಎದೆಯಿಂದ ಬರುವಂಥದ್ದು. ಅವಳು ಎರಡನೆಯ ಕಿಟಕಿ ತೆರೆದಳು, ದಿಂಬು ಇಟ್ಟಳು. ಮೂರನೆಯದು ತೆರೆದಳು. ಅಲ್ಲಿಗೆ ದಿಂಬು ಮುಗಿದಿತ್ತು. ಮಗಳ ಪಾತ್ರದ ಹುಡುಗಿ ಯಾರೂ ಹೇಳದೆಯೇ ತನ್ನ ಹೆಗಲ ಶಾಲು ತೆಗೆದು, ಸುತ್ತಿ, ಕೊಟ್ಟಳು.

ಪರದೆ ಬಿತ್ತು. ಚಪ್ಪಾಳೆ ತಡವಾಗಿ, ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು.

ಅವಳು ಪಕ್ಕಕ್ಕೆ ಬಂದಾಗ ಯೆರ್ದೆನ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಭುಜ ಅಲುಗುತ್ತಿತ್ತು. ದಾಮೆತ್ಕೆನ್ ನಿಲ್ಲದೆ, ಹೋಗುತ್ತಾ ಹೋಗುತ್ತಾ ಅವನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ಮುಂದೆ ನಡೆದಳು.

ಬಣ್ಣದ ಕೋಣೆಯಲ್ಲಿ ಕುಲ್ಪಾಶ್ ಆಗಲೇ ವಿದ್ಯುತ್ ಕೆಟಲಿನಲ್ಲಿ ನೀರಿಟ್ಟಿದ್ದಳು. ಅಕ್ಕ ತಂಗಿಯ ತಲೆವಸ್ತ್ರದ ಸೂಜಿಗಳನ್ನು ಒಂದೊಂದಾಗಿ ಕಿತ್ತು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು.

ಸಾಪಾರ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದ. ಕೋಣೆಯಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ. ಬಾಗಿಲು ಮುಚ್ಚಿ, ಸ್ಟೂಲು ಎಳೆದು, ಬಲಗಿವಿ ಅವರ ಕಡೆ ಬರುವ ಹಾಗೆ ಕೂತ.

ಕುಲ್ಪಾಶ್ ಬಾಯಿಂದ ಸೂಜಿಗಳನ್ನು ತೆಗೆದಳು. "ಏನ್ಲಾ ಸಾಪಾರ್, ದೊಡ್ಡ ಮನುಷ್ಯ ಆದ್ಮ್ಯಾಲೆ ನಮ್ಮ ಹಟ್ಟಿ ಕಡೀಕೇ ಬರಾಕಿಲ್ವಲ್ಲ. ನಿಮ್ಮವ್ವನ ಗೋರಿ ಬೇಲಿ ನಾವೇ ಕಟ್ಟಿಸ್ದೋ."

"ಗೊತ್ತು ಅಕ್ಕ," ಎಂದ ಸಾಪಾರ್. ಅವನ ಭಾಷೆ ಇದ್ದಕ್ಕಿದ್ದಂತೆ ಇಲಾಖೆಯದಾಗಿರಲಿಲ್ಲ. "ಬೇಸಿಗೇಲಿ ಬತ್ತೀನಿ."

ದಾಮೆತ್ಕೆನ್ ಬಟ್ಟಲಿಗೆ ಚಹಾ ಹಾಕಿ ಕೊಟ್ಟಳು, ಮತ್ತೆ ಮತ್ತೆ ಕೇಳಲಿ, ಬೇಗ ಏಳದಿರಲಿ ಎಂದು ಅತಿಥಿಗೆ ಕೊಡುವ ಹಾಗೆ, ತಳ ಮುಚ್ಚುವಷ್ಟೇ. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ.

"ಆವತ್ತು," ಎಂದಳು ಅವಳು. "ನನ್ನನ್ನ ಎಬ್ಬಿಸಿದ್ದು. ಸಿಕ್ಕಿಸೋಕೋ, ಬಿಡಿಸೋಕೋ?"

ಸಾಪಾರ್ ಬಟ್ಟಲನ್ನು ತಿರುಗಿಸುತ್ತಾ ಯೋಚಿಸಿದ. "ಆ ಹುಡುಗ ಬಾಯಿ ತೆರೆದಿದ್ದ," ಎಂದ. "ಬೇರೆ ಏನೂ ಹೊಳೀಲಿಲ್ಲ. ನೀನು ಏನು ಹೇಳ್ತೀಯೋ ನನಗೂ ಗೊತ್ತಿರಲಿಲ್ಲ."

ಬಟ್ಟಲು ಮುಂದೆ ಚಾಚಿದ. ಅವಳು ಮತ್ತೆ ಹಾಕಿದಳು.

"ಹೊರಗೆ ಹೋಗುವಾಗ ಕೇಳಿದ," ಎಂದ ಸಾಪಾರ್. ಯಾರೆಂದು ಹೇಳಬೇಕಿರಲಿಲ್ಲ. "ಅಂಥಾ ಒಳ್ಳೇ ಜೋಕಿಗೆ ನಿಮ್ಮ ಜನ ಯಾಕೆ ನಗಲಿಲ್ಲ ಅಂತ. ನಮ್ಮ ಕಡೆಯೋರಿಗೆ ಹಾಸ್ಯ ನಿಧಾನಕ್ಕೆ ಅರ್ಥ ಆಗುತ್ತೆ ಅಂದೆ. ಅವನು ನಗಲಿಲ್ಲ. ದಿಂಬು ಯಾಕೆ ಅಂದ."

"ಏನಂದೆ?"

"ಗಾಳಿಗೆ ಅಂದೆ." ಅವನು ಟೋಪಿಯ ಅಂಚನ್ನು ಸರಿಮಾಡಿದ. "ಸೋಮವಾರ ಬೆಳಿಗ್ಗೆ ಮೇಲಿನ ಕಚೇರಿಗೆ ಬರಹೇಳಿದ್ದಾರೆ. ನನ್ನನ್ನ ಮಾತ್ರ. ನಾಳೆಯ ಆಟ ನಡೀಲಿ. ಯಾರಾದರೂ ನಿಲ್ಲಿಸಿ ಅಂತ ಬಂದರೆ, ನನ್ನ ಸಹಿ ಇಲ್ಲದೆ ನಿಲ್ಲಿಸೋಕಾಗಲ್ಲ ಅಂತ ಕಾಬ್ದೇಶ್ ಅಣ್ಣಂಗೆ ಹೇಳಿದೀನಿ."

"ಸೋಮವಾರ ಆದ್ಮೇಲೆ?" ಎಂದಳು ದಾಮೆತ್ಕೆನ್.

ಅವನು ಬಟ್ಟಲು ಚಾಚಿದ, ಅವಳು ಹಾಕಿದಳು. ಕುಲ್ಪಾಶ್ ಒಂದು ಮೊಸರಿನ ಉಂಡೆಯನ್ನು ಅವನ ಬಟ್ಟಲಿಗೆ ಹಾಕಿದಳು, ಚಿಕ್ಕಮಕ್ಕಳಿಗೆ ಹಾಕುವ ಹಾಗೆ, ಕೇಳದೆಯೇ. ಈ ಸಲ ಹಟ್ಟಿಯ ಕಡೆ ಹುಲ್ಲು ಹೇಗಿದೆ ಎಂದು ಅವನು ಕೇಳಿದ. ಹಳ್ಳದ ಬದಿ ಚೆನ್ನಾಗಿ ಎದ್ದಿದೆ, ಮೇಲಿನ ಕಡೆ ಇನ್ನೂ ಇಲ್ಲ ಎಂದಳು ಕುಲ್ಪಾಶ್. ಯಾರ ಮನೆಯಲ್ಲಿ ಮರಿ ಹಾಕಿವೆ, ಯಾರ ಮಗ ಸೈನ್ಯದಿಂದ ಬಂದ, ಎಲ್ಲ ಹೇಳಿದಳು. ಹೊರಗೆ ಬಸ್ಸಿನವನು ಎರಡು ಸಲ ಹಾರ್ನ್ ಹೊಡೆದ. ಕುಲ್ಪಾಶ್ ಏಳಲಿಲ್ಲ.

ಸಾಕು ಅನ್ನುವವರು ಬಟ್ಟಲನ್ನು ಮಗ್ಗುಲಾಗಿ ಮಲಗಿಸಿಡುತ್ತಾರೆ. ಸಾಪಾರ್ ಮಲಗಿಸಲಿಲ್ಲ. ಕುಡಿದು ಕುಡಿದು ಚಾಚುತ್ತಿದ್ದ. ಕೆಟಲಿನ ನೀರು ತಳ ಮುಟ್ಟಿತ್ತು, ಚಹಾಸೊಪ್ಪು ಬಣ್ಣ ಬಿಡುವುದನ್ನು ನಿಲ್ಲಿಸಿತ್ತು. ದಾಮೆತ್ಕೆನ್ ಆ ಒಣಹುಲ್ಲಿನ ಬಣ್ಣದ ಚಹಾವನ್ನು ಸ್ವಲ್ಪ ಸ್ವಲ್ಪವೇ, ಮುಗಿದುಹೋಗದ ಹಾಗೆ, ಅವನ ಬಟ್ಟಲಿಗೆ ಹಾಕುತ್ತಾ ಇದ್ದಳು.